ನಾನು ಮುರಿದ ಮಾತ್ರೆಗಳು

ಕಳೆದ ತಿಂಗಳು ಇಬ್ಬರು ಎಳೆಯ ನರ್ಸ್‌ಗಳು ಚಿದ್ರಿಯ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ನಿವೃತ್ತಿಗೆ ಮುಂಚೆ ನಾನು ಒಂಬತ್ತು ವರ್ಷ ದುಡಿದ, ಸರಕಾರಿ ಆಸ್ಪತ್ರೆಯ ಚಟ ಬಿಡಿಸುವ ವಿಭಾಗಕ್ಕೆ ಅವರನ್ನು ಹಾಕಿದ್ದರು. "ಅಲ್ಲಿ ಕೆಲಸ ಹ್ಯಾಂಗಿರ್ತದ್ರಿ ಮೇಡಂ?" ಎಂದು ಕೇಳಿದರು. ಕಪಾಟಿನ ಕೀಲಿ ಯಾರ ಹತ್ತಿರ ಇರಬೇಕು, ರಜಿಸ್ಟರಿನಲ್ಲಿ ಸಹಿ ಎಲ್ಲಿ ಹಾಕಬೇಕು, ಹೊಸ ರೋಗಿ ಬಂದರೆ ಮೊದಲು ಏನು ನೋಡಬೇಕು, ಎಲ್ಲ ಹೇಳಿ ಕಳಿಸಿದೆ. ಅವರು ಓಣಿ ದಾಟುವುದರೊಳಗೆ ನನಗೆ ಚಡಪಡಿಕೆ ಹತ್ತಿತು. ಹೇಳಬೇಕಾದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಅವತ್ತಿನಿಂದ ಕೂತರೆ ಏಳಬೇಕು, ಎದ್ದರೆ ಕೂಡಬೇಕು ಅನ್ನಿಸುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನಿತ್ತು ಅನ್ನುವುದು. ಅಫೀಮಿನ ಜಾತಿಯ ಔಷಧಗಳಿಗೆ, ಅಂದರೆ ನೋವಿನ ಸೂಜಿ, ಕ್ಯಾಪ್ಸೂಲು, ಕೆಮ್ಮಿನ ಸಿರಪ್ಪು ಇಂಥವಕ್ಕೆ ಅಂಟಿಕೊಂಡವರು ನಮ್ಮಲ್ಲಿಗೆ ಬರುತ್ತಿದ್ದರು. ಅವರಿಗೆ ದಿನಕ್ಕೊಮ್ಮೆ ನಾಲಗೆಯ ಕೆಳಗೆ ಮಾತ್ರೆ ಇಡುವುದು ನನ್ನ ಕೆಲಸ. ಬ್ಯುಪ್ರೆನಾರ್ಫಿನ್ ಎಂದು ಅದರ ಹೆಸರು. ಅದೂ ಅದೇ ಜಾತಿಯದೇ. ಆದರೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮನುಷ್ಯ ತೂಕಡಿಸುವುದಿಲ್ಲ, ಮೈ ಮುರಿದು ಒದ್ದಾಡುವುದೂ ಇಲ್ಲ. ಸೂಜಿಯ ಹಿಂದೆ ಓಡುವುದು ನಿಂತು, ಹೆಂಡತಿ ಮಕ್ಕಳ ಮುಖ ನೋಡುವಷ್ಟು ಸಮಾಧಾನ ಸಿಗುತ್ತದೆ. ಮಾತ್ರೆ ಕರಗಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಅವರು ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿರಬೇಕು. ಆಮೇಲೆ "ನಾಲಗಿ ಎತ್ರಿ" ಎಂದು ಟಾರ್ಚು ಹಾಕಿ ನೋಡಿ ಕಳಿಸುವುದು. ನೋಡುವವರಿಗೆ ಇಷ್ಟೇ ಕೆಲಸ.

ನಾನು ಆ ವಿಭಾಗಕ್ಕೆ ಹೋದದ್ದು ಮಳೆ ಮೇಲಿಂದ ಮೇಲೆ ಕೈಕೊಟ್ಟ ವರ್ಷಗಳಲ್ಲಿ. ತೊಗರಿ ಹೂವಿಗೆ ಬರುವ ಮೊದಲೇ ಒಣಗುತ್ತಿತ್ತು. ಭಾಲ್ಕಿ, ಔರಾದ ಕಡೆಯ ಬಸ್ಸುಗಳು ಬರುವಾಗ ತುಂಬಿ ಬಂದು, ಜನರನ್ನು ಹೈದರಾಬಾದು, ಪುಣೆ ಗಾಡಿಗಳಿಗೆ ದಾಟಿಸಿ, ಖಾಲಿ ಹೋಗುತ್ತಿದ್ದವು. ನನಗಿಂತ ಮೊದಲಿದ್ದ ಸಿಸ್ಟರ್ ಹೇಳಿಕೊಟ್ಟದ್ದೆಲ್ಲ ಮೋಜಿಗೆ ಚಟ ಹಿಡಿದವರ ವಿಷಯ. ನನ್ನೆದುರು ಬಂದು ಕೂತವರು ಬೇರೆ ಜನ. ಕಟ್ಟಡಕ್ಕೆ ಸಿಮೆಂಟು ಹೊತ್ತವರು, ಕಬ್ಬು ಕಡಿದವರು. ಸೊಂಟ ಹಿಡಿದು ಬಿದ್ದ ದಿನ ಗುಂಪಿನ ಮುಕಾದಮ, ಅಂದರೆ ಮೇಸ್ತ್ರಿ, ಅವರನ್ನು ಯಾವುದೋ ಕಂಪೌಂಡರನ ಬಳಿ ಕರೆದೊಯ್ದು ಒಂದು ಸೂಜಿ ಹಾಕಿಸಿರುತ್ತಿದ್ದ. ಮರುದಿನ ಎದ್ದು ದುಡಿದರು. ಅದರ ಮರುದಿನ ಇನ್ನೊಂದು. ಆರು ತಿಂಗಳಿಗೆ ನೋವು ಎಲ್ಲಿ ಮುಗಿಯಿತು, ಸೂಜಿ ಎಲ್ಲಿ ಸುರುವಾಯಿತು ಎಂದು ಅವರಿಗೇ ತಿಳಿಯುತ್ತಿರಲಿಲ್ಲ.

ನನ್ನ ಮೊದಲ ತಪ್ಪು ಇಂಥವನೊಬ್ಬನ ಮೇಲೆಯೇ ಆಯಿತು. ಔರಾದ ತಾಲೂಕಿನ ಚಿಂತಾಕಿಯ ಮಾಳಪ್ಪ. ಮನೆತನದ ಕೆಲಸ ಕುರಿ ಕಾಯುವುದು. ಮೇವಿಲ್ಲದೆ ಅರ್ಧ ಹಿಂಡು ಮಾರಿ ಪುಣೆಗೆ ದುಡಿಯಲು ಹೋಗಿ ಸೂಜಿ ಕಲಿತು ಬಂದಿದ್ದ. ಈ ಮಾತ್ರೆಯ ಒಂದು ಗುಣವಿದೆ. ಮೈಯೊಳಗೆ ಸೂಜಿಯ ಔಷಧ ಇನ್ನೂ ಇರುವಾಗಲೇ ಕೊಟ್ಟರೆ, ಅದನ್ನೆಲ್ಲ ಒಮ್ಮೆಗೇ ನೂಕಿ ಹೊರಹಾಕುತ್ತದೆ. ಮೂರು ದಿನದಲ್ಲಿ ಬರಬೇಕಾದ ಸಂಕಟ ಅರ್ಧ ಗಂಟೆಯಲ್ಲಿ ಬರುತ್ತದೆ. ಹಾಗಾಗಿ ಆಕಳಿಕೆ, ಮೂಗು ಸೋರುವುದು, ಮೈಮೇಲೆ ಮುಳ್ಳು ಏಳುವುದು, ಇವು ಕಂಡ ಮೇಲೇ ಮೊದಲ ಮಾತ್ರೆ.

"ಸೂಜಿ ಯಾವಾಗ ಹಾಕ್ಕೊಂಡಿದ್ದಿ? ಸುಳ್ಳ ಹೇಳಿದ್ರ ಔಷಧ ಸಿಗಂಗಿಲ್ಲ ನೋಡು" ಎಂದು ನಾನು ಗದರಿಸಿಯೇ ಕೇಳಿದೆ.

"ನಿನ್ನಿ ಮುಂಜಾನಿರಿ" ಎಂದ.

ಮೂಗು ಒರೆಸಿಕೊಳ್ಳುತ್ತಿದ್ದ, ಅದನ್ನೇ ಲಕ್ಷಣ ಅಂದುಕೊಂಡೆ. ಕೈ ಹಿಡಿದು ನೋಡಲಿಲ್ಲ, ಕಣ್ಣಿನ ಪಾಪೆ ನೋಡಲಿಲ್ಲ. ಮಾತ್ರೆ ಇಟ್ಟೆ. ಇಪ್ಪತ್ತೇ ನಿಮಿಷದಲ್ಲಿ ಬೆಂಚಿನಿಂದ ನೆಲಕ್ಕೆ ಜಾರಿ, ಹೊಟ್ಟೆ ಅವುಚಿಕೊಂಡು, ವಾಂತಿ ಮಾಡುತ್ತ, ಬೆವರಿನಲ್ಲಿ ತೊಯ್ದು, "ವಿಷ ಕೊಟ್ರು ನನಗ" ಎಂದು ಒದರತೊಡಗಿದ. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕೂಡುವ ತ್ರಾಣವಿಲ್ಲದೆ ಒಂದು ಸೂಜಿ ಹಾಕಿಕೊಂಡೇ ಬಂದಿದ್ದ. ನಮ್ಮ ವೈದ್ಯೆ ನಸ್ರೀನ್ ಮೇಡಂ ಬಂದು ಅವನ ಪಕ್ಕದಲ್ಲಿ ನೆಲಕ್ಕೇ ಕೂತು, ಸಂಜೆಯತನಕ ಒಂದೊಂದೇ ಔಷಧ ಕೊಟ್ಟು ಸಮಾಧಾನ ಮಾಡಿದರು. ಆಮೇಲೆ ನನ್ನನ್ನು ಕರೆದು ಹೇಳಿದರು. "ಅವ ಸುಳ್ಳ ಹೇಳಿದ್ದು ಖರೆ, ಸುಜಾತಾ ಸಿಸ್ಟರ್. ಆದ್ರ ಸುಳ್ಳ ಹೇಳೂ ಹಂಗ ಕೇಳಿದವರು ನೀವು."

ಮಾಳಪ್ಪ ಮರುದಿನ ಬರಲಿಲ್ಲ. ನಾನು ಬಿಡುವಿನ ದಿನ ಚಿಂತಾಕಿಗೇ ಹೋಗಿ ಅವನ ಹೆಂಡತಿಯೆದುರು ತಪ್ಪು ನನ್ನದೆಂದು ಹೇಳಿ ಬಂದೆ. ವಾರ ಬಿಟ್ಟು ಬಂದ. ಅಲ್ಲಿಂದ ಮುಂದೆ ನಾನು ಕೇಳುವ ರೀತಿಯೇ ಬೇರೆಯಾಯಿತು. "ಇವತ್ತ ಎಷ್ಟ್ ತಗೊಂಡ್ರಿ? ತಗೊಂಡಿದ್ರ ತೊಂದ್ರಿಲ್ಲ, ನಾಳಿ ಕೊಡ್ತೀನಿ." ಇಷ್ಟು ಅಂದರೆ ಸಾಕು, ಹತ್ತರಲ್ಲಿ ಒಂಬತ್ತು ಮಂದಿ ಖರೆ ಹೇಳುತ್ತಾರೆ.

ಇನ್ನು ಬಿಟ್ಟ ಮಾತು.

ನನ್ನ ತಮ್ಮ ಮಿಲಿಂದ ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ನಮ್ಮ ತವರು ಭಾಲ್ಕಿ. ಅವ್ವ, ಮಿಲಿಂದ, ಅವನ ಹೆಂಡತಿ ಕವಿತಾ, ಅವರ ಮಗಳು ಅಲ್ಲಿರುತ್ತಿದ್ದರು. ಅವನು ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬಿಗೆ ಹಲಗೆ ಬಡಿಯುವುದರಲ್ಲಿ ಒಳ್ಳೆಯ ಹೆಸರಿತ್ತು. ಭಾಲ್ಕಿಯಲ್ಲಿ ನೀರಿಲ್ಲದೆ ಕಟ್ಟಡದ ಕೆಲಸ ನಿಂತಾಗ ಹೈದರಾಬಾದಿಗೆ ಹೋದ. ಅಲ್ಲಿ ಹಲಗೆಯ ಮೇಲಿಂದ ಬಿದ್ದು ಬೆನ್ನಿಗೆ ಪೆಟ್ಟಾಯಿತು ಎಂದು ಕೇಳಿದ್ದೆ. ವಾಸಿಯಾಗಿ ಮತ್ತೆ ದುಡಿಯುತ್ತಿದ್ದಾನೆ ಎಂದೂ ಕೇಳಿದ್ದೆ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕೂತಿದ್ದ. ರೊಟ್ಟಿ ಹಾಕಲು ಬಗ್ಗಿದವಳು ಅವನ ಕಣ್ಣು ನೋಡಿದೆ. ಪಾಪೆ ಸಾಸಿವೆಯಷ್ಟು ಸಣ್ಣಗಾಗಿದ್ದವು. ದಿನವೆಲ್ಲ ಅಂಥ ಕಣ್ಣನ್ನೇ ನೋಡುವವಳು ನಾನು, ತಪ್ಪುವ ಮಾತೇ ಇರಲಿಲ್ಲ. ಆದರೂ ಒಳಗೆ ಹೋಗಿ, ಬೆಳಕಿಗೆ ಹಾಗಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೊರಗೆ ಬಂದೆ, ಮತ್ತೆ ನೋಡಿದೆ. ಮತ್ತೆ ಒಳಗೆ ಹೋದೆ. ಮೂರು ಸಲ ಹೀಗೆ ಮಾಡಿದ ಮೇಲೆ ಅವನೇ ಕೇಳಿದ.

"ಯಾಕ ಅಕ್ಕಾ, ಹಂಗ್ಯಾಕ ನೋಡ್ತಿ?"

"ಇವತ್ತ ಎಷ್ಟ್ ತಗೊಂಡಿ?"

ಅವನ ಕೈಯೊಳಗಿನ ರೊಟ್ಟಿ ಕೈಯೊಳಗೇ ಉಳಿಯಿತು. "ಎರಡ್" ಎಂದ. ಆಮೇಲೆ ಅತ್ತ.

ನಸ್ರೀನ್ ಮೇಡಂ ಅವನ ಕೇಸು ತೆಗೆದುಕೊಂಡರು. ದಿನಾ ಬರಬೇಕಾದ್ದರಿಂದ ಅವನನ್ನು ಚಿದ್ರಿಯಲ್ಲೇ ಇಟ್ಟುಕೊಂಡೆ. ಸ್ವಂತ ತಮ್ಮನಿಗೆ ನಾನು ಮಾತ್ರೆ ಕೊಡಬಾರದೆಂದು ಮೇಡಂ ಆ ಕೆಲಸ ಇನ್ನೊಬ್ಬ ಸಿಸ್ಟರಿಗೆ ವಹಿಸಿದರು. ಮೊದಲ ದಿನ ಬೆಂಚಿನಲ್ಲಿ ಕೂಡಲು ಅವನು ಹಿಂಜರಿದಾಗ, ನಾಲಗೆಯ ಕೆಳಗೆ ಮಾತ್ರೆಯಿದ್ದ ಮಾಳಪ್ಪ ಬಾಯಿ ಮುಚ್ಚಿಕೊಂಡೇ ಪಕ್ಕಕ್ಕೆ ಸರಿದು, ಬೆಂಚು ತಟ್ಟಿ ಜಾಗ ತೋರಿಸಿದ.

ಎರಡು ವಾರದಲ್ಲಿ ತಮ್ಮನ ನಿದ್ದೆ ಮರಳಿತು. ಎರಡು ತಿಂಗಳಿಗೆ ಮೈ ತುಂಬಿತು. ಬೆನ್ನಿಗೆ ವ್ಯಾಯಾಮ ಕಲಿತ. ಒಂದು ಸಿಮೆಂಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದ. ಅಷ್ಟರಲ್ಲಿ ನಮ್ಮ ಪದ್ಧತಿಯೂ ಬದಲಾಗಿತ್ತು. ಸ್ಥಿರವಾದವರಿಗೆ ವಾರದ ಮಾತ್ರೆಯನ್ನು ಮನೆಗೇ ಕೊಡತೊಡಗಿದ್ದೆವು, ಮನೆಯ ಒಬ್ಬರ ಜವಾಬ್ದಾರಿಯ ಮೇಲೆ. ಮಿಲಿಂದನ ಮಾತ್ರೆಗೆ ಮನೆಯವಳಾಗಿ ಸಹಿ ಹಾಕಿ, ವಾರವಾರ ಮನೆಗೆ ತರುತ್ತಿದ್ದವಳು ನಾನು. ದಿನಕ್ಕೆ ಎರಡು.

ಆಗ ಅವ್ವ ಬಂದು ನನ್ನ ಮನೆಯಲ್ಲಿ ಎಂಟು ದಿನ ಇದ್ದಳು. ನಮ್ಮದು ಬೌದ್ಧರ ಮನೆ; ಬೆಳಿಗ್ಗೆ ಎದ್ದು ವಂದನೆ ಮಾಡಿ, ಪಂಚಶೀಲ ಹೇಳದೆ ಚಹಾ ಮುಟ್ಟದವಳು. ನಾನು ತಮ್ಮನಿಗೆ ಮಾತ್ರೆ ಕೊಡುವುದನ್ನು ದಿನಾ ನೋಡಿದಳು. ನಾಲ್ಕನೇ ದಿನ ಕೇಳಿದಳು.

"ಇದು ಯಾವಾಗ ಮುಗೀತದ?"

"ಹೇಳಾಕ ಬರಂಗಿಲ್ಲವ್ವಾ. ವರ್ಷ ಆಗಬಹುದು, ಎರಡು ವರ್ಷ ಆಗಬಹುದು, ಇನ್ನಾ ಹೆಚ್ಚೂ ಆಗಬಹುದು."

"ನಶಾ ಮಾಡಂಗಿಲ್ಲ ಅಂತ ಶೀಲ ತಗೊಂಡ ಮನಿ ಇದು. ದಿನಾ ಮುಂಜಾನಿ ನೀನೇ ಅವನ ನಾಲಗಿ ಕೆಳಗ ನಶಾ ಇಡ್ತಿ. ಒಂದ್ ಚಟ ಬಿಡ್ಸಿ ಇನ್ನೊಂದ್ ಹಚ್ಚಿದ್ರ ಅದಕ್ಕ ಇಲಾಜ ಅಂತಾರೇನ, ಸುಜಾತಾ?"

ಇದೇ ಪ್ರಶ್ನೆಯನ್ನು ರೋಗಿಗಳ ಮನೆಯವರು ಎಷ್ಟು ಸಲ ಕೇಳಿರಲಿಲ್ಲ! ಉತ್ತರ ನನಗೆ ಬಾಯಿಪಾಠ. ಇದು ನಶೆಗಲ್ಲ, ನಶೆಯಿಂದ ದೂರ ಇಡುವುದಕ್ಕೆ. ಸಕ್ಕರೆ ಕಾಯಿಲೆಯವರು ಔಷಧ ತಗೊಳ್ಳುವ ಹಾಗೆ. ಆದರೆ ಅವ್ವನೆದುರು ಆ ಮಾತು ಹೊರಡಲಿಲ್ಲ. ಯಾಕೆಂದರೆ, ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ, ಒಳಗೊಳಗೆ ನಾನೂ ಅವ್ವನ ಹಾಗೇ ತಿಳಿದಿದ್ದೆ. ಬೇರೆಯವರ ಮನೆಯ ಮಕ್ಕಳಿಗೆ ವರ್ಷಗಟ್ಟಲೆ ಮಾತ್ರೆ ಕೊಡಲು ನನಗೇನೂ ಅನ್ನಿಸುತ್ತಿರಲಿಲ್ಲ. ನನ್ನ ತಮ್ಮ ಮಾತ್ರ ಬೇಗ ಬಿಟ್ಟು, "ಪೂರಾ ಆರಾಮಾಗ್ಯಾನ" ಅನ್ನಿಸಿಕೊಳ್ಳಬೇಕಿತ್ತು.

ಅವ್ವ ಭಾಲ್ಕಿಗೆ ಹೋದ ಮರುವಾರ ಮೊದಲ ಮಾತ್ರೆ ಮುರಿದೆ. ಎರಡರ ಬದಲು ಒಂದೂವರೆ. ನಸ್ರೀನ್ ಮೇಡಂಗೆ ಹೇಳಲಿಲ್ಲ. ಹೇಳಿದರೆ, "ಇನ್ನಾ ಜಲ್ದಿ ಬ್ಯಾಡ" ಅನ್ನುತ್ತಾರೆಂದು ಗೊತ್ತಿತ್ತು. ತಮ್ಮನಿಗೆ, "ಮೇಡಂ ಕಡಿಮಿ ಮಾಡಂದಾರ" ಎಂದೆ. ನನ್ನನ್ನು ನಂಬಿದ. ಹದಿನೈದು ದಿನಕ್ಕೆ ಒಂದು, ಮತ್ತೆ ಹದಿನೈದು ದಿನಕ್ಕೆ ಅರ್ಧ. ಅವನಿಗೆ ನಿದ್ದೆ ಕಡಿಮೆಯಾಯಿತು, ಕಾಲು ಸೆಳೆಯುತ್ತಿದೆ ಅಂದ, ಸಿಟ್ಟು ಬೇಗ ಬರುತ್ತಿತ್ತು. "ಎರಡ್ ದಿನ ತಡಕೋ" ಅಂದೆ. ರೋಗಿಯೊಬ್ಬ ಹೀಗೆ ಹೇಳಿದ್ದರೆ ಆ ಕ್ಷಣವೇ ಡಾಕ್ಟರನ್ನು ಕರೆಯುತ್ತಿದ್ದೆ. ಆಸ್ಪತ್ರೆಯ ಪುಸ್ತಕದಲ್ಲಿ ದಿನಕ್ಕೆ ಎರಡು ಎಂದೇ ಇತ್ತು. ಉಳಿದ ಮಾತ್ರೆ, ಮುರಿದ ಚೂರು ಒಂದು ಸ್ಟೀಲಿನ ಡಬ್ಬಿಯಲ್ಲಿ ಸೇರುತ್ತಿದ್ದವು. ಅವನ್ನು ಎಲ್ಲಿಟ್ಟರೂ ನನಗೆ ಸಮಾಧಾನವಿರಲಿಲ್ಲ. ಇವತ್ತು ಬೀರುವಿನಲ್ಲಿ, ನಾಳೆ ಅಕ್ಕಿಯೊಳಗೆ.

ಎರಡು ತಿಂಗಳಿಗೆ ಮಾತ್ರೆ ಪೂರಾ ನಿಂತಿತು. ಮಿಲಿಂದ ಭಾಲ್ಕಿಗೆ ಮರಳಿದ. ಅವ್ವ ಹುಗ್ಗಿ ಮಾಡಿ ಓಣಿಗೆಲ್ಲ ಬಡಿಸಿದಳು. ಕವಿತಾ ನನ್ನ ಕೈ ಹಿಡಿದು, "ನಿಮ್ಮಿಂದ ನನ್ನ ಮನಿ ಉಳೀತ್ರಿ ಅಕ್ಕಾ" ಎಂದಳು. ನನ್ನ ಪಾಲಿನ ಹುಗ್ಗಿಯನ್ನು ಅವಳ ಮಗಳ ತಟ್ಟೆಗೆ ಹಾಕಿದೆ.

ಅವತ್ತಿನಿಂದ ಇಪ್ಪತ್ತಾರನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಡ್ಯೂಟಿಯಲ್ಲಿದ್ದಾಗ ಕವಿತಾಳ ಫೋನು ಬಂತು.

"ಅಕ್ಕಾ, ಇವರು ಏಳವಲ್ರು. ಎಷ್ಟ್ ಅಲುಗಾಡ್ಸಿದ್ರೂ ಏಳವಲ್ರು. ಒಂಥರಾ ಗೊರಕಿ ಹೊಡಿಲತ್ಯಾರ."

ಆ ಗೊರಕೆ ಯಾವುದೆಂದು ನನಗೆ ಗೊತ್ತು. ಉಸಿರು ಮುಳುಗುವ ಮುಂಚಿನದು. "ತುಟಿ ಯಾವ ಬಣ್ಣ ಅದಾವ?"

"ನೀಲಿ ಆಗ್ಯಾವ್ರಿ."

"ಅವ್ವಗ ಹೇಳು, ಬಾಜು ಮನಿಯವರ ಕಡಿಂದ ಆ್ಯಂಬುಲೆನ್ಸ್ ಕರಸ್ಲಿ. ನೀ ಫೋನ್ ನೆಲದ ಮ್ಯಾಲಿಡು. ಅವನ್ನ ಅಂಗಾತ ಮಲಗ್ಸು, ಗದ್ದ ಮ್ಯಾಲೆತ್ತು, ಮೂಗ್ ಒತ್ತಿ ಹಿಡಿ, ಬಾಯಿಗೆ ಬಾಯಿ ಇಟ್ಟು ಊದು. ಎದಿ ಏಳ್ತದೇನು?"

"ಏಳ್ತದ್ರಿ."

"ನಾ ಐದ್ ಎಣಸ್ತೀನಿ. ಐದಕ್ಕೊಮ್ಮಿ ಊದು. ನಿಲ್ಸಬ್ಯಾಡ."

ಒಂದರಿಂದ ಐದು. ಮತ್ತೆ ಒಂದರಿಂದ ಐದು. ಆ ಕಡೆಯಿಂದ ಅವಳ ಏದುಸಿರು, ಅವ್ವನ ಅಳು. ಈ ಕಡೆ ಬೆಂಚಿನ ತುಂಬ ರೋಗಿಗಳು ನನ್ನನ್ನೇ ನೋಡುತ್ತಿದ್ದಾರೆ. ಎಷ್ಟು ಸಲ ಎಣಿಸಿದೆನೋ ತಿಳಿಯದು. ಕೊನೆಗೆ ಗಂಡಸರ ದನಿ, ಸ್ಟ್ರೆಚರಿನ ಸಪ್ಪಳ ಕೇಳಿ ಫೋನು ನಿಂತಿತು.

ಭಾಲ್ಕಿ ಬಸ್ಸಿನಲ್ಲಿ ಸೀಟು ಖಾಲಿಯಿದ್ದವು. ನಾನು ಉದ್ದಕ್ಕೂ ನಿಂತೇ ಹೋದೆ. ಕಂಡಕ್ಟರ್ ಎರಡು ಸಲ "ಕೂಡ್ರಿ ಅಕ್ಕಾ" ಎಂದ.

ನಾನು ಮುಟ್ಟುವುದರೊಳಗೆ ಅಲ್ಲಿಯ ಆಸ್ಪತ್ರೆಯಲ್ಲಿ ನಲಾಕ್ಸೋನ್ ಕೊಟ್ಟಿದ್ದರು. ಉಸಿರು ಕಟ್ಟಿದವರನ್ನು ಎಬ್ಬಿಸುವ ಸೂಜಿ ಅದು. ಮಿಲಿಂದ ಎದ್ದು ಕೂತಿದ್ದ. ಮನೆಯವರು ಕರೆದೊಯ್ಯಲು ಚಪ್ಪಲಿ ಹುಡುಕುತ್ತಿದ್ದರು. "ಯಾರೂ ಅಲುಗಾಡಬ್ಯಾಡ್ರಿ" ಎಂದು ಬಾಗಿಲಿಗೆ ಅಡ್ಡ ನಿಂತೆ. ಎಬ್ಬಿಸಿದ ಔಷಧದ ಬಲ ಬೇಗ ಇಳಿಯುತ್ತದೆ, ಒಳಗಿನದು ಇಳಿದಿರುವುದಿಲ್ಲ. ಮತ್ತೆ ಉಸಿರು ಮುಳುಗಬಹುದು. ಹೊಸ ಸಿಸ್ಟರ್‌ಗಳೇ, ಇದೊಂದನ್ನು ಬರೆದಿಟ್ಟುಕೊಳ್ಳಿ. ಎರಡು ತಾಸಿನ ನಂತರ ಅವನಿಗೆ ಮತ್ತೆ ತೂಕಡಿಕೆ ಬಂತು, ಮತ್ತೊಂದು ಸೂಜಿ ಬೇಕಾಯಿತು.

ಎಚ್ಚರವಾದಾಗ ನನ್ನ ಮುಖ ನೋಡಿ ಹೇಳಿದ. "ಬೆನ್ನ ಭಾಳ ನೋಯ್ಲತ್ತಿತ್ತು ಅಕ್ಕಾ. ಒಂದೇ ಸಲ ಅಂದ್ಕೊಂಡೆ. ಮೊದಲ್ ಎಷ್ಟ್ ತಗೋತಿದ್ನೋ ಅಷ್ಟೇ ತಗೊಂಡೆ, ಹೆಚ್ಚಿಲ್ಲ."

ಅದೇ ಆದದ್ದು. ಬಿಟ್ಟ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಇದನ್ನು ನಾನು ರೋಗಿಗಳಿಗೆ ಗೋಡೆಯ ಚಿತ್ರ ತೋರಿಸಿ ಹೇಳುತ್ತಿದ್ದೆ. ತಮ್ಮನಿಗೆ ಹೇಳಿರಲಿಲ್ಲ. ಅವನು ಆರಾಮಾದವನಲ್ಲವೇ, ಅವನಿಗ್ಯಾಕೆ ಅಂದುಕೊಂಡಿದ್ದೆ.

ಮರುದಿನ ಸ್ಟೀಲಿನ ಡಬ್ಬಿ ಒಯ್ದು ನಸ್ರೀನ್ ಮೇಡಂ ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೆದು ಚೂರುಗಳನ್ನು ನೋಡಿದರು. ಕೂಗಾಡುತ್ತಾರೆಂದು ಕಾಯುತ್ತಿದ್ದೆ. ಅವರು ಕೇಸ್ ಪೇಪರ್ ತೆಗೆದು ನನ್ನ ಮುಂದೆ ಸರಿಸಿದರು.

"ಯಾವ ತಾರೀಖಿನಿಂದ ಎಷ್ಟ್ ಕಡಿಮಿ ಮಾಡಿದ್ರಿ, ಯಾರು ಮಾಡಿದ್ರು, ನೀವೇ ಬರೀರಿ."

ಬರೆದೆ. ಕೊನೆಗೆ ನನ್ನ ಹೆಸರನ್ನೂ ಬರೆದೆ.

"ಇದನ್ನ ನಾ ಮ್ಯಾಲ ಕಳಿಸಬೇಕಾಗ್ತದ, ಸಿಸ್ಟರ್. ಮುಚ್ಚಿಡಾಕ ಆಗಂಗಿಲ್ಲ."

"ಕಳಸ್ರಿ" ಎಂದೆ.

ಮೆಮೊ ಬಂತು. ನಾಲ್ಕು ತಿಂಗಳು ನನ್ನನ್ನು ಮಾತ್ರೆ ಕೋಣೆಯಿಂದ ತೆಗೆದು ಲಸಿಕೆ ವಿಭಾಗಕ್ಕೆ ಹಾಕಿದರು. ಅದು ನ್ಯಾಯವೇ. ಅದಕ್ಕಿಂತ ಹೆಚ್ಚು ತಾಗಿದ್ದು ಬೇರೆ. ಮಿಲಿಂದನ ಔಷಧ ಮತ್ತೆ ಸುರು ಮಾಡಿಸಲು ಕವಿತಾ ಅವನನ್ನು ಕರೆದುಕೊಂಡು ಬಂದಾಗ ನಾನೂ ಮೇಡಂ ಕೋಣೆಯಲ್ಲಿದ್ದೆ. ಅವಳಿಗೆ ಎಲ್ಲ ಹೇಳಿದ್ದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಮೇಡಂಗೆ ಹೇಳಿದಳು.

"ಗುಳಿಗಿ ನನ್ನ ಕೈಯಾಗ ಕೊಡ್ರಿ. ನಾ ಏಳನೇ ಇಯತ್ತಾ ಓದೀನಿ, ಎಷ್ಟ್ ಅಂತ ಬರಕೊಟ್ರ ಅಷ್ಟೇ ಕೊಡ್ತೀನಿ. ಅಕ್ಕನ ಕೈಯಾಗ ಬ್ಯಾಡ."

ಮೊದಲ ವಾರಗಳು ಅವಳು ದಿನಾ ಬೆಳಿಗ್ಗೆ ಗಂಡನ ಜೊತೆ ಭಾಲ್ಕಿಯಿಂದ ಬಂದಳು. ಆಮೇಲೆ ವಾರಕ್ಕೊಮ್ಮೆ. ಲಸಿಕೆ ವಿಭಾಗದ ಕಿಟಕಿಯಿಂದ ಅವರು ಗೇಟಿನೊಳಗೆ ಬರುವುದು ಕಾಣುತ್ತಿತ್ತು. ಎದ್ದು ಹೋಗಿ ಮಾತಾಡಿಸಬೇಕು ಅನ್ನಿಸುತ್ತಿತ್ತು, ಹೋಗುತ್ತಿರಲಿಲ್ಲ. ಹೋಗದೆ ಕೂತರೆ ಕೈಯಲ್ಲಿನ ಕೆಲಸ ಕೆಡುತ್ತಿತ್ತು.

ಅವ್ವನಿಗೆ ನಾನು ಏನೂ ಹೇಳಲಿಲ್ಲ, ಕವಿತಾ ಹೇಳಿದ್ದಳು. ಸೊಸೆ ತನ್ನ ಮಗನ ಬಾಯಿಗೆ ಉಸಿರು ಊದುವುದನ್ನು ಅವ್ವ ಕಣ್ಣಾರೆ ನೋಡಿದ್ದಳು. ಒಂದು ಸಲ ನಾನು ಭಾಲ್ಕಿಗೆ ಹೋದಾಗ ತಾನೇ ತಂದಳು ಮಾತನ್ನು. "ನಿನಗ ನಾ ಅಂದದ್ದು ತಪ್ಪಾಯ್ತು" ಎಂದಳು. "ಆದ್ರ ನಾ ಸಾಲಿ ಕಲ್ತಿಲ್ಲ. ನೀ ಕಲ್ತಾಕಿ. ನನ್ನ ಮಾತ ಯಾಕ ಕೇಳಿದಿ?"

ಮಾತ್ರೆ ಕೋಣೆಗೆ ತಿರುಗಿ ಬಂದ ಮೇಲೆ ನನ್ನ ಕೆಲಸ ಬದಲಾಯಿತು. "ಯಾವಾಗ ಬಿಡ್ತಾನ್ರಿ?" ಎಂದು ಯಾವ ತಾಯಿ ಕೇಳಿದರೂ ಬಾಯಿಪಾಠದ ಉತ್ತರ ಕೊಡುವುದನ್ನು ಬಿಟ್ಟೆ. ಬಾಗಿಲು ಹಾಕಿ, ಕೂಡಿಸಿ, ಒಬ್ಬ ನರ್ಸು ತನ್ನ ತಮ್ಮನಿಗೆ ಏನು ಮಾಡಿದಳು ಎಂದು ಹೇಳುತ್ತಿದ್ದೆ. ಆ ನರ್ಸು ನಾನೆಂದು ಹೇಳುವ ಧೈರ್ಯ ಕೆಲವು ಸಲ ಇರುತ್ತಿತ್ತು, ಕೆಲವು ಸಲ ಇರುತ್ತಿರಲಿಲ್ಲ. ಮಾಳಪ್ಪ ಮೂರು ವರ್ಷಕ್ಕೆ ಮೇಡಂ ಹೇಳಿದ ಹಾಗೆ ಬಹಳ ನಿಧಾನವಾಗಿ ಕಡಿಮೆ ಮಾಡಿ ಮಾತ್ರೆ ಬಿಟ್ಟ. ಮಿಲಿಂದ ಬಿಟ್ಟಿಲ್ಲ. ಈಗ ಭಾಲ್ಕಿಯಲ್ಲಿ ಅವನದೇ ಸೆಂಟ್ರಿಂಗ್ ಗುಂಪಿದೆ, ಹಲಗೆ ಏರುವುದಿಲ್ಲ, ಕೆಳಗೆ ನಿಂತು ಮಾಡಿಸುತ್ತಾನೆ. ಮಗಳು ಕಾಲೇಜು ಮುಟ್ಟಿದ್ದಾಳೆ. ಯಾವಾಗ ಬಿಡುತ್ತೀ ಎಂದು ನಾನು ಕೇಳುವುದಿಲ್ಲ.

ನಾನು ನಿವೃತ್ತಿಯಾದ ವರ್ಷ, ಠಾಣಾ ಕುಶನೂರಿನಲ್ಲಿರುವ ಕವಿತಾಳ ತಾಯಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಕವಿತಾ ಅಲ್ಲಿಗೆ ಹೋಗಬೇಕಾಯಿತು. ಅವತ್ತು ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಆ ಹೊತ್ತಿಗೆ ಹದಿನೈದು ದಿನಕ್ಕೊಮ್ಮೆ ಸಿಗುತ್ತಿದ್ದ ಮಾತ್ರೆಯ ಡಬ್ಬಿ ನನ್ನ ಕೈಯಲ್ಲಿಟ್ಟು, "ಎಂಟ್ ದಿನ ನೀವ್ ಕೊಡ್ರಿ ಅಕ್ಕಾ" ಎಂದಳು. ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟಳು.

ಎಂಟು ದಿನ ನಾನು ಮನೆ ಬಿಟ್ಟು ಎಲ್ಲಿಯೂ ಹೋಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಎರಡು ಮಾತ್ರೆ. ಕೊಡುವ ಮೊದಲು ಓದುವುದು, ಕೊಟ್ಟ ಮೇಲೆ ಕಾಗದದ ಮೇಲೆ ಬರೆಯುವುದು. "ಅಕ್ಕಾ, ಎಷ್ಟ್ ಸಲ ಓದ್ತಿ ಅದನ್ನ?" ಎಂದು ಮಿಲಿಂದ ನಕ್ಕ. ನಾನು ಮತ್ತೊಮ್ಮೆ ಓದಿದೆ.

ಒಂಬತ್ತನೆಯ ದಿನ ಕವಿತಾ ಬಂದಳು. ಡಬ್ಬಿ, ಕಾಗದ ಎರಡೂ ಮುಂದಿಟ್ಟೆ. ಅವಳು ಬಿಚ್ಚಿ ನೋಡದೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ತಾಯಿಗೆ ಹಾಕಿದ ರಾಡಿನ ವಿಷಯ ಹೇಳತೊಡಗಿದಳು.

"ಎಣಿಸ್ಕೋ, ಕವಿತಾ."

"ಇರ್ಲಿ ಬಿಡ್ರಿ ಅಕ್ಕಾ, ನೀವ್ ಕೊಟ್ಟಿದ್ದಕ್ಕ ಎಣಸೂದೇನದ?"

"ಇಲ್ಲ. ನನ್ನ ಮುಂದ ಎಣಿಸು."

ನನ್ನ ಮುಖ ನೋಡಿದಳು. ಚೀಲದಿಂದ ಡಬ್ಬಿ ತೆಗೆದು, ಚಾಪೆಯ ಮೇಲೆ ಕೂತು, ಒಂದೊಂದೇ ಪಟ್ಟಿ ಹೊರಗಿಟ್ಟು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು. ಕಾಗದಕ್ಕೆ ತಾಳೆ ನೋಡಿದಳು.

"ಬರಾಬರಿ ಅದಾವ್ರಿ" ಎಂದಳು.